ತಿರುವಿನ ಆಚೆ

ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಸಿಕ್ಕಿತೆಂದರೆ ಬಾಲ್ಯದಲ್ಲಿ ನನಗೆ ಅದೇ ಹಬ್ಬ. ಎಂಜಿನ್ ಮುಚ್ಚಳದ ಬಿಸಿ ಮೊಣಕಾಲಿಗೆ ತಾಗುತ್ತಿತ್ತು. ಡೀಸೆಲ್ ವಾಸನೆಯೊಳಗೆ ಯಾರದೋ ಚೀಲದಿಂದ ಹಲಸಿನ ಹಣ್ಣಿನ ಘಮ ಸೇರಿಕೊಂಡಿರುತ್ತಿತ್ತು. ಗಾಜಿನಾಚೆ ರಸ್ತೆ ಇದ್ದಕ್ಕಿದ್ದಂತೆ ಮುಗಿದುಹೋಗುತ್ತಿತ್ತು. ಮುಂದೆ ಬರೀ ಆಕಾಶ, ಕೆಳಗೆ ಕಣಿವೆ ತುಂಬ ಮಂಜು. ಬಸ್ಸು ಆ ಬಯಲಿನ ಕಡೆಗೇ ಮೂತಿ ಚಾಚುತ್ತಿತ್ತು. ಡ್ರೈವರ್ ಸೀಟಿನಿಂದ ಅರ್ಧ ಎದ್ದು, ಮೈಯ ಭಾರವನ್ನೆಲ್ಲ ಹಾಕಿ ಸ್ಟೇರಿಂಗ್ ಎಳೆಯುತ್ತಿದ್ದರು. ಆಗ ಎಲ್ಲಿಂದಲೋ ರಸ್ತೆ ಬಂದು ಚಕ್ರದಡಿಗೆ ಹಾಸಿಕೊಳ್ಳುತ್ತಿತ್ತು. ರಸ್ತೆ ಮೊದಲೇ ಇರುವುದಿಲ್ಲ, ಡ್ರೈವರ್ ತಿರುಗಿಸಿದಾಗ ಹುಟ್ಟುತ್ತದೆ ಎಂದು ಆರು ವರ್ಷದ ನಾನು ನಂಬಿದ್ದೆ. ಸೋಮೇಶ್ವರ ಮುಟ್ಟುವಷ್ಟರಲ್ಲಿ ಅದು 14 ಸಲ ಹುಟ್ಟುತ್ತಿತ್ತು.

ಶಾಲೆಗೆ ಹೋಗಿ ನಕ್ಷೆ ಓದಲು ಕಲಿತ ಮೇಲೆ ಆ ನಂಬಿಕೆ ಕಳೆದುಹೋಯಿತು. ನಲವತ್ತು ವರ್ಷಗಳ ನಂತರ ಅದು ಮತ್ತೆ ಸಿಕ್ಕಿದ್ದು ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಲಾಸ್ ಏಂಜಲೀಸಿನ ಬೆನ್ನಿಗೆ ನಿಂತ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಲ್ಲಿ, ನನಗಿಂತ ಹೆಚ್ಚು ವಯಸ್ಸಾದ ಒಂದು ಪುಟ್ಟ ಕಾರಿನ ಸ್ಟೇರಿಂಗ್ ಹಿಂದೆ.

ಏಂಜಲೀಸ್ ಕ್ರೆಸ್ಟ್ ಹೆದ್ದಾರಿ ಎಂದು ಆ ದಾರಿಯ ಹೆಸರು. ತಪ್ಪಲಿನ ಲಾ ಕನ್ಯಾಡಾ ಊರಿನಿಂದ ಬೆಟ್ಟದಾಚೆಯ ರೈಟ್‌ವುಡ್ ಹಳ್ಳಿಯವರೆಗೆ ಸುಮಾರು 106 ಕಿಲೋಮೀಟರ್. ಕೆಲಸ ಶುರುವಾದದ್ದು 1929ರಲ್ಲಿ, ಮುಗಿದದ್ದು 1956ರಲ್ಲಿ. ನಡುವೆ ಒಂದು ಮಹಾಯುದ್ಧ ಬಂದು ಹೋಯಿತು. ಸೆರೆಮನೆಯ ಕೈದಿಗಳೂ ಇಲ್ಲಿ ಬಂಡೆ ಒಡೆದರು, ಸುರಂಗ ಕೊರೆದರು. ಈ ಬೆಟ್ಟಗಳಿಗೆ ಸುಮ್ಮನಿರಲು ಬಾರದು. ಮಳೆ ಬಂದರೆ ಮಣ್ಣು ಜಾರುತ್ತದೆ, ಚಳಿಗಾಲದಲ್ಲಿ ಮೇಲ್ಭಾಗದ ದಾರಿಯನ್ನು ಹಿಮ ಮುಚ್ಚುತ್ತದೆ, ಬೇಸಿಗೆಯಲ್ಲಿ ಬೆಂಕಿ ಬರುತ್ತದೆ. 2009ರ ಕಾಡ್ಗಿಚ್ಚಿನಲ್ಲಿ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ಇಲ್ಲಿ ರಸ್ತೆ ತೆರೆದಿದೆ ಎನ್ನುವುದೇ ಒಂದು ಸುದ್ದಿ.

ತೆರೆದಿರುವ ಭಾನುವಾರಗಳಲ್ಲಿ, ಬೆಳಕು ಹರಿಯುವ ಮೊದಲು, ನಾವು ಆರು ಕಾರುಗಳು ಲಾ ಕನ್ಯಾಡಾದ ಒಂದು ಪೆಟ್ರೋಲ್ ಬಂಕಿನ ಬಳಿ ಸೇರುತ್ತೇವೆ. ನನ್ನದು 1966ರ ಎಂಜಿಬಿ, ಮಡಚುವ ಬಟ್ಟೆಯ ಚಾವಣಿಯದು. ಮೇಷ್ಟರಾಗಿ ನಿವೃತ್ತರಾದ ಹಿರಿಯರೊಬ್ಬರದು ಅದಕ್ಕೂ ಮುಂಚಿನ ಎಂಜಿಎ. ನರ್ಸ್ ಕೆಲಸ ಮಾಡುವ ಗೆಳತಿಯದು ಕಿತ್ತಳೆ ಬಣ್ಣದ ಡಾಟ್ಸನ್ 240ಝಡ್. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬರುತ್ತಾಳೆ. ಒಂದು ಆಲ್ಫಾ ರೋಮಿಯೋ ಸ್ಪೈಡರ್, ಒಂದು ಪೋರ್ಷೆ 911, ಇನ್ನೊಂದು ಮಾಜ್ದಾ ಮಿಯಾಟಾ. ಮಿಯಾಟಾ 1989ರಲ್ಲಿ ಬಂದ ಮಾದರಿ. ಅದು ನಮ್ಮಲ್ಲಿ ಕಿರಿಯ ಮಗ. ಅದನ್ನು ರೂಪಿಸಿದ ಜಪಾನಿನವರು ಒಂದು ಮಾತು ಇಟ್ಟುಕೊಂಡಿದ್ದರು, ‘ಜಿನ್ಬಾ ಇತ್ತಾಯ್’ ಎಂದು. ಸವಾರನೂ ಕುದುರೆಯೂ ಒಂದೇ ಮೈ ಎಂದರ್ಥ. ಕಾರು ಕಟ್ಟುವವರು ಕುದುರೆಯನ್ನು ನೆನೆದದ್ದು ನನಗೆ ಬಹಳ ಇಷ್ಟವಾಯಿತು.

ಹೊರಡುವ ಮುನ್ನ ಮೇಷ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ನಿಯಮ ಹೇಳುತ್ತಾರೆ. ಪ್ರತಿ ಸಲ ಅದೇ ನಿಯಮ, ಪ್ರತಿ ಸಲ ಅದೇ ಗಂಭೀರ ದನಿ. ನಡುವಿನ ಜೋಡಿ ಹಳದಿ ಗೆರೆಯನ್ನು ಯಾರೂ ದಾಟಕೂಡದು. ಮುಂದಿನವರನ್ನು ಯಾರೂ ಅಟ್ಟಿಸಿಕೊಂಡು ಹೋಗಕೂಡದು. ಹಿಂದಿನವರ ದೀಪ ಕಾಣದಿದ್ದರೆ ಮುಂದಿನ ಕವಲಿನಲ್ಲಿ ಕಾಯಬೇಕು. ನಿಧಾನ ಹೋಗುವ ವಾಹನದ ಹಿಂದೆ ಐದು ವಾಹನ ಸೇರಿಕೊಂಡರೆ ಅದು ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಮೇಷ್ಟರ ನಿಯಮದಲ್ಲಿ ಒಬ್ಬರು ಬಂದರೂ ಸರಿಯಬೇಕು. ಇಲ್ಲಿನ ಕಾರುಪ್ರಿಯರು ಇಂಥ ಓಟಕ್ಕೆ ‘ಸ್ಪಿರಿಟೆಡ್ ಡ್ರೈವ್’ ಅನ್ನುತ್ತಾರೆ. ಹುರುಪಿನ ಓಟ ಎನ್ನೋಣ. ಹುರುಪಿಗೂ ಅವಸರಕ್ಕೂ ಇರುವ ದೂರವನ್ನು ಆ ದಾರಿಯ ಅಂಚಿನ ಶಿಲುಬೆಗಳು, ಅವಕ್ಕೆ ಕಟ್ಟಿದ ಬಣ್ಣ ಮಾಸಿದ ಪ್ಲಾಸ್ಟಿಕ್ ಹೂಗಳು ನಮಗೆ ನೆನಪಿಸುತ್ತಲೇ ಇರುತ್ತವೆ. ಅವನ್ನು ದಾಟುವಾಗಲೆಲ್ಲ ನನ್ನ ಕಾಲು ತಾನಾಗಿ ಹಗುರವಾಗುತ್ತದೆ.

ಹಳೆಯ ಕಾರನ್ನು ಎಬ್ಬಿಸುವುದು ಮಲಗಿದ ದನವನ್ನು ಎಬ್ಬಿಸಿದಂತೆ. ಚೋಕ್ ಎಳೆಯಬೇಕು, ಕೀಲಿ ತಿರುಗಿಸಿ ಪೆಟ್ರೋಲ್ ಪಂಪು ಟಿಕಟಿಕ ಎಂದು ತುಂಬಿಕೊಳ್ಳುವವರೆಗೆ ಕಾಯಬೇಕು. ಎಂಜಿನ್ ಕೆಮ್ಮಿ, ತಡವರಿಸಿ, ಆಮೇಲೆ ಒಂದು ಹದಕ್ಕೆ ಬರುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಯಾರೂ ಜೋರು ಓಡಿಸುವುದಿಲ್ಲ. ಮೊದಲ ಹತ್ತು ಕಿಲೋಮೀಟರ್ ಆರೂ ಕಾರುಗಳು ಮೆರವಣಿಗೆಯ ಹಾಗೆ ಸದ್ದಡಗಿಸಿ ಹತ್ತುತ್ತವೆ. ಆ ನಿಧಾನದಲ್ಲಿ ಕಣಿವೆಯ ತಣ್ಣನೆಯ ಗಾಳಿ ಬಾಗಿಲ ಮೇಲಿಂದ ಒಳಗೆ ಸುರಿಯುತ್ತದೆ. ಒದ್ದೆ ಮಣ್ಣು, ಒಣಗಿದ ಸೇಜ್ ಗಿಡ, ಮುಂದಿನ ಕಾರಿನ ಅರೆಬೆಂದ ಪೆಟ್ರೋಲ್, ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ.

ಜೂನ್ ತಿಂಗಳಲ್ಲಿ ಪೆಸಿಫಿಕ್ ಸಾಗರದ ತಂಪು ಮೋಡ ನಗರವನ್ನೆಲ್ಲ ಮುಚ್ಚಿ ಬೆಟ್ಟದ ಬುಡಕ್ಕೆ ಒರಗಿರುತ್ತದೆ. ನಾವು ಅದರೊಳಗೇ ಹತ್ತುತ್ತೇವೆ. ಗಾಜಿನ ಮೇಲೆ ಹನಿ, ಇಪ್ಪತ್ತು ಮಾರು ಮುಂದೆ ಏನೂ ಇಲ್ಲ. ಯಾವುದೋ ಒಂದು ತಿರುವಿನಲ್ಲಿ ಮೂತಿ ಎತ್ತಿದ ಕಾರು ಸೀದಾ ಬಿಸಿಲಿಗೆ ಬಂದುಬಿಡುತ್ತದೆ. ಹಿಂದಿರುಗಿ ನೋಡಿದರೆ ಊರಿಲ್ಲ, ಒಂದು ಕೋಟಿ ಜನರ ನಗರವಿಲ್ಲ. ಬೆಳ್ಳನೆಯ ಕಡಲೊಂದು ಕ್ಷಿತಿಜದವರೆಗೆ ಹಬ್ಬಿರುತ್ತದೆ. ಅದರ ಮೇಲೆ ಬೆಟ್ಟದ ತುದಿಗಳು ದ್ವೀಪಗಳಂತೆ ತೇಲುತ್ತಿರುತ್ತವೆ. ಮೊದಲ ಸಲ ಅದನ್ನು ಕಂಡ ದಿನ ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಹಿಂದಿನವರು ಬಂದು ಕಾರು ಕೆಟ್ಟಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರೂ ಎಂಜಿನ್ ಆರಿಸಿ ನಿಂತರು.

ಕನ್ನಡದಲ್ಲಿ ಇಂಥ ಭಾವಕ್ಕೆ ಹಲವು ಮಾತುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ನಡೆ. ಅಚ್ಚರಿ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ. ಸೋಜಿಗಕ್ಕೆ ಕಥೆ ಕೇಳುವ ಆಸೆ ಇದೆ, ಅದು ಪ್ರಶ್ನೆ ಹಾಕುತ್ತದೆ. ಬೆರಗು ಬಂದಾಗ ಮೈ ನಿಲ್ಲುತ್ತದೆ. ನಿಬ್ಬೆರಗು ಎನ್ನುವಾಗ ಉಸಿರೂ ಒಂದು ಗಳಿಗೆ ತಡೆಯುತ್ತದೆ. ಓಡುವ ಕಾರಿನಲ್ಲಿ ಕೂತು ನಿಲ್ಲಿಸುವ ಭಾವವನ್ನು ಹುಡುಕುವುದು ಹೇಗೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋಚುವುದು ಇಷ್ಟು. ಬೆರಗಿಗೆ ಏನಾದರೂ ಮರೆಯಲ್ಲಿರಬೇಕು. ಎಲ್ಲವೂ ಮೊದಲೇ ಕಂಡುಬಿಟ್ಟ ಕಡೆ ಅದು ಬರುವುದಿಲ್ಲ. ಈಗಿನ ಕಾರಿನಲ್ಲಿ ಯಂತ್ರ ಮುಚ್ಚಿಕೊಂಡಿದೆ, ದಾರಿ ತೆರೆದುಕೊಂಡಿದೆ. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ ಹೊದಿಕೆ ಕಾಣುತ್ತದೆ. ಪರದೆಯ ಮೇಲಿನ ನಕ್ಷೆಯಲ್ಲಿ ಮಾತ್ರ ಮುಂದಿನ ಐವತ್ತು ತಿರುವು ಒಮ್ಮೆಗೇ ಕಾಣುತ್ತವೆ, ತಲುಪುವ ನಿಮಿಷವೂ ಗೊತ್ತಾಗುತ್ತದೆ. ಹಳೆಯ ಕಾರಿನಲ್ಲಿ ಇದು ತಿರುವುಮುರುವು. ಯಂತ್ರದ ಒಂದೊಂದು ಕೆಲಸವೂ ಕೈಗೆ, ಕಿವಿಗೆ, ಮೂಗಿಗೆ ಬಯಲಾಗಿರುತ್ತದೆ. ದಾರಿ ಮಾತ್ರ ಬೆಟ್ಟದ ಬೆನ್ನ ಹಿಂದೆ ಅವಿತುಕೊಂಡಿರುತ್ತದೆ.

ಬಯಲಾಗಿರುವುದು ಏನು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ಒಂದೊಂದು ಟೈರಿಗೆ ಅಂಗೈಯಗಲ ಜಾಗದಲ್ಲಿ. ಸುಮಾರು 900 ಕಿಲೋ ತೂಕದ ನನ್ನ ಎಂಜಿಬಿ, ಅದರೊಳಗಿನ ನಾನು, ನನ್ನ ಮನೆಯವರ ಆತಂಕ, ಎಲ್ಲವೂ ನಿಂತಿರುವುದು ಆ ನಾಲ್ಕು ಅಂಗೈಗಳ ಮೇಲೆ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ವಾಲಿ ಮುಂದಿನ ಎರಡು ಅಂಗೈಗಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ, ಹಿಂದಿನವು ಸಡಿಲವಾಗುತ್ತವೆ. ಆಕ್ಸಿಲರೇಟರ್ ಒತ್ತಿದರೆ ಅದರ ಉಲ್ಟಾ. ತಿರುವಿನಲ್ಲಿ ಭಾರ ಹೊರಮಗ್ಗುಲಿಗೆ ಸರಿಯುತ್ತದೆ. ಹಾಗಾಗಿ ತಿರುವಿಗೆ ಬೇಕಾದ ನಿಧಾನವನ್ನು ತಿರುವಿಗೆ ಮುಂಚೆಯೇ, ಕಾರು ನೇರವಾಗಿರುವಾಗಲೇ ತಂದುಕೊಳ್ಳಬೇಕು. ಆಮೇಲೆ ಮೆತ್ತಗೆ ಒಳಗೆ ಹೊಕ್ಕು, ತಿರುವಿನ ಹೊಟ್ಟೆಯನ್ನು ಸವರಿ, ಆಚೆ ದಾರಿ ಕಂಡ ಮೇಲಷ್ಟೇ ಮತ್ತೆ ವೇಗ ಕೊಡಬೇಕು. ನಮ್ಮ ಊರಿನಲ್ಲಿ ಅಮ್ಮ ಬಾವಿಯಿಂದ ಮನೆಗೆ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಒಂದು ಹನಿ ತುಳುಕುತ್ತಿರಲಿಲ್ಲ. ಚೆನ್ನಾಗಿ ಓಡಿಸಿದ ತಿರುವು ಎಂದರೆ ನನಗೆ ನೆನಪಾಗುವುದು ಆ ನಡಿಗೆ.

ವೇಗದ ಲೆಕ್ಕದಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೇ ತಿರುವನ್ನು 40 ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆ ಬೇಕಾದ ಹಿಡಿತ 57ರಲ್ಲಿ ದಾಟುವಾಗ ಎರಡರಷ್ಟಾಗುತ್ತದೆ, 80ರಲ್ಲಿ ನಾಲ್ಕರಷ್ಟು. ವೇಗ ಕೂಡುತ್ತಾ ಹೋದರೆ ಅಪಾಯ ಗುಣಿಸುತ್ತಾ ಹೋಗುತ್ತದೆ. ಬೆಟ್ಟಕ್ಕೆ ದಾಕ್ಷಿಣ್ಯವಿಲ್ಲ. ಆದರೆ 95 ಅಶ್ವಶಕ್ತಿಯ ಹಳೆಯ ಕಾರಿನ ಪುಣ್ಯವೆಂದರೆ, ಅದು ಗಂಟೆಗೆ 60 ಕಿಲೋಮೀಟರಿನಲ್ಲೇ ಪೂರ್ತಿ ಜೀವಂತವಾಗಿರುತ್ತದೆ. ಅದರ ಸ್ಟೇರಿಂಗ್‌ಗೆ ಪವರ್ ಸಹಾಯವಿಲ್ಲ. ಟೈರು ನೆಲವನ್ನು ಬಿಡುವ ಮುನ್ನ ಚಕ್ರದ ಬಿಗಿ ಒಂದು ಎಳೆಯಷ್ಟು ಸಡಿಲವಾಗುತ್ತದೆ. ಆ ಸಡಿಲ ಉಕ್ಕಿನ ಸರಳುಗಳ ಮೂಲಕ ಹಾದು ಬೆರಳ ತುದಿಗೆ ಬಂದು ಮುಟ್ಟುತ್ತದೆ. ಡಾಂಬರಿನ ಮೇಲೆ ಉದುರಿದ ಮರಳೂ ಹೀಗೆಯೇ ತಿಳಿಯುತ್ತದೆ, ನೆರಳಿನ ತೇವವೂ. ಕಣ್ಣಿಗೆ ಕಾಣುವ ಮುನ್ನ ಕೈಗೆ ಗೊತ್ತಾಗಿರುತ್ತದೆ. ಇಷ್ಟು ಸಣ್ಣ ಕಂಪನ ಇಷ್ಟು ದೊಡ್ಡ ಸುದ್ದಿ ತರುವುದು ನನಗೆ ಇವತ್ತಿಗೂ ಹಳತಾಗಿಲ್ಲ.

ಮೊದಲನೆಯ ಗೇರ್ ಬಗ್ಗೆಯೂ ಹೇಳಬೇಕು. ನನ್ನ ಕಾರಿನಲ್ಲಿ ಅದಕ್ಕೆ ಸಿಂಕ್ರೋಮೆಶ್, ಅಂದರೆ ಗೇರಿನ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇಲ್ಲ. ಓಡುತ್ತಿರುವಾಗ ಹಾಕಬೇಕೆಂದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಎಂಜಿನ್ನಿಗೆ ಒಂದು ಉಸಿರು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಹಲ್ಲುಗಳ ವೇಗ ಒಂದಾದರೆ ಸದ್ದಿಲ್ಲದೆ ಕೂರುತ್ತದೆ, ಆಗದಿದ್ದರೆ ಕರಕರ ಎನ್ನುತ್ತದೆ. ಇದನ್ನು ನನಗೆ ಇಲ್ಲಿ ಯಾರೋ ಕಲಿಸಲು ಬಂದಾಗ ನನ್ನ ಕಾಲಿಗೆ ಅದು ಆಗಲೇ ಗೊತ್ತಿತ್ತು. ಆಗುಂಬೆಯ ಬಸ್ ಡ್ರೈವರ್ ಎಡಗಾಲು ಎರಡೆರಡು ಸಲ ಏಳುವುದನ್ನು, ನಡುವೆ ಎಂಜಿನ್ ಒಮ್ಮೆ ಹೂಂಕರಿಸುವುದನ್ನು ನೋಡಿಕೊಂಡೇ ನಾನು ಬೆಳೆದಿದ್ದೆ. ನಮ್ಮೂರಲ್ಲಿ ಅದಕ್ಕೆ ಡಬಲ್ ಕ್ಲಚ್ ಅನ್ನುತ್ತಿದ್ದರು. ಆ ಹೂಂಕಾರ ಬಸ್ಸಿನ ಆಯಾಸದ ನಿಟ್ಟುಸಿರು ಎಂದು ನಾನು ತಿಳಿದಿದ್ದೆ. ಅದು ಅವರ ಕುಶಲತೆಯೆಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು. ಹೆಸರೂ ಗೊತ್ತಿಲ್ಲದ ಆ ಮನುಷ್ಯನನ್ನು ನಾನು ಈ ಬೆಟ್ಟದಲ್ಲಿ ಪ್ರತಿ ವಾರ ನೆನೆಯುತ್ತೇನೆ.

ರೆಡ್ ಬಾಕ್ಸ್ ಎಂಬ ಕವಲಿನಲ್ಲಿ ನಮ್ಮ ಮೊದಲ ನಿಲುಗಡೆ. ಅಲ್ಲಿಂದ ಬಲಕ್ಕೆ ಒಂದು ಕಿರುದಾರಿ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಹೋಗುತ್ತದೆ. ಆಕಾಶದ ಬಗ್ಗೆ ಮನುಷ್ಯನಿಗಿದ್ದ ತಿಳಿವಳಿಕೆ ತಿರುವು ತೆಗೆದುಕೊಂಡದ್ದು ಆ 1742 ಮೀಟರ್ ಎತ್ತರದ ತುದಿಯಲ್ಲಿ. ಅಲ್ಲಿನ ದೊಡ್ಡ ದೂರದರ್ಶಕದ ಕನ್ನಡಿ 100 ಇಂಚು ಅಗಲ, 4000 ಕಿಲೋಗೂ ಮಿಕ್ಕಿದ ಗಾಜು. ಅದನ್ನು 1917ರಲ್ಲಿ ಅಂಕುಡೊಂಕಾದ ಮಣ್ಣು ದಾರಿಯಲ್ಲಿ ಲಾರಿಯ ಮೇಲೆ ಹತ್ತಿಸಿದರು. ಆ ಲಾರಿಯ ಚಾಲಕ ಒಂದೊಂದು ತಿರುವನ್ನೂ ಹೇಗೆ ದಾಟಿರಬಹುದು ಎಂದು ನಾವು ಕಾಫಿ ಕುಡಿಯುತ್ತಾ ಎಷ್ಟೋ ಸಲ ಮಾತಾಡಿದ್ದೇವೆ. ಅದೇ ವರ್ಷ ನವೆಂಬರ್ 1ರ ರಾತ್ರಿ ಮೊದಲ ಬಾರಿಗೆ ಅದರಲ್ಲಿ ಗುರುಗ್ರಹವನ್ನು ನೋಡಿದಾಗ ಒಂದು ಬಿಂಬದ ಬದಲು ಒಂದರ ಮೇಲೊಂದು ಹಲವು ಬಿಂಬ ಕಂಡವಂತೆ. ಹಗಲು ಗುಮ್ಮಟ ತೆರೆದಿದ್ದರಿಂದ ಗಾಜು ಬಿಸಿಲಿಗೆ ಕಾದಿತ್ತು. ಮಾಡುವುದೇನೂ ಇರಲಿಲ್ಲ, ಕಾಯಬೇಕಿತ್ತು. ನಡುರಾತ್ರಿ ಕಳೆದು ಬಹಳ ಹೊತ್ತಿನ ಮೇಲೆ ಮತ್ತೆ ನೋಡಿದಾಗ ಅಭಿಜಿತ್ ನಕ್ಷತ್ರ ಒಂದು ಚೂಪು ಬಿಂದುವಾಗಿ ನಿಂತಿತ್ತು. ಕನ್ನಡಿ ತಣಿಯುವವರೆಗೆ ಅವರು ಕಾದರು. ಎಂಜಿನ್ ಬಿಸಿಯಾಗುವವರೆಗೆ ನಾವು ಕಾಯುತ್ತೇವೆ. ವಸ್ತುವಿಗೂ ಅದರದೇ ಹೊತ್ತು ಇದೆಯೆಂದು ಒಪ್ಪಿಕೊಂಡ ಆ ವಿಜ್ಞಾನಿಗಳು ನನಗೆ ಬಹಳ ಹತ್ತಿರದವರೆನಿಸುತ್ತಾರೆ.

ಆ ಬೆಟ್ಟದ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಿಲ್ಟನ್ ಹ್ಯುಮಾಸನ್‌ನದು. 14ನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಅವನು. ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಸಾಲನ್ನು ಹೊಡೆದುಕೊಂಡು ಸಾಮಾನು ಸಾಗಿಸುತ್ತಿದ್ದ. ಆಮೇಲೆ ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿ, ರಾತ್ರಿ ಹೊತ್ತು ಖಗೋಳಜ್ಞರಿಗೆ ಸಹಾಯಕನಾಗಿ, ಕೊನೆಗೆ ತಾನೇ ಖಗೋಳಜ್ಞನಾದ. ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುವ ವೇಗವನ್ನು ಎಡ್ವಿನ್ ಹಬಲ್ ಜೊತೆ ಸೇರಿ ಅಳೆದವನು ಅವನೇ. ಮಸುಕು ಬೆಳಕಿನ ಒಂದು ಗೆರೆಗಾಗಿ ರಾತ್ರಿಗಟ್ಟಲೆ ಚಳಿಯಲ್ಲಿ ನಿಂತು ದೂರದರ್ಶಕವನ್ನು ಹಿಡಿದಿಡಬೇಕಿತ್ತು. ಆ ತಾಳ್ಮೆ ಅವನಿಗೆ ಎಲ್ಲಿಂದ ಬಂತು? ಹೇಸರಗತ್ತೆಯ ಹಗ್ಗದಿಂದ ಬಂತೆಂದೇ ನನ್ನ ಊಹೆ. ಕಡಿದಾದ ದಾರಿಯಲ್ಲಿ ಪ್ರಾಣಿಯ ಹೆಜ್ಜೆ ಸಡಿಲವಾಗುವ ಮುನ್ನ ಹಗ್ಗ ಹಿಡಿದ ಕೈಗೆ ಅದು ಗೊತ್ತಾಗಬೇಕು. ಹಾಗೆ ಕಲಿತ ಕೈ ಅದು.

ಹಬಲ್‌ಗೂ ಅದೇ ಬೆಟ್ಟದಲ್ಲಿ ಬೆರಗಿನ ಒಂದು ಕ್ಷಣ ಬಂತು. 1923ರ ಅಕ್ಟೋಬರಿನಲ್ಲಿ ಆಂಡ್ರೊಮೆಡಾದ ಫೋಟೋ ತೆಗೆದ ಗಾಜಿನ ಫಲಕದ ಮೇಲೆ ಒಂದು ಚುಕ್ಕೆಗೆ ಮೊದಲು ಹೊಸ ನಕ್ಷತ್ರ ಎಂದು ಗುರುತು ಹಾಕಿದ್ದ. ಹಳೆಯ ಫಲಕಗಳ ಜೊತೆ ಹೋಲಿಸಿ, ಅದು ಮಿಣುಕುತ್ತಾ ಹೆಚ್ಚುಕಡಿಮೆಯಾಗುವ ಚಂಚಲ ನಕ್ಷತ್ರವೆಂದು ಕಂಡು, ಮೊದಲ ಗುರುತನ್ನು ಹೊಡೆದುಹಾಕಿ ಮುಂದೆ ಆಶ್ಚರ್ಯಸೂಚಕ ಚಿಹ್ನೆಯಿಟ್ಟು ತಿದ್ದಿ ಬರೆದ. ಅಂಥ ನಕ್ಷತ್ರದ ಮಿಣುಕಿನಿಂದ ದೂರ ಅಳೆಯುವ ದಾರಿಯನ್ನು ಹೆನ್ರಿಯೆಟಾ ಲೆವಿಟ್ ಎಂಬಾಕೆ ಆಗಲೇ ತೋರಿಸಿಕೊಟ್ಟಿದ್ದಳು. ಲೆಕ್ಕ ಹಾಕಿದರೆ ಆಂಡ್ರೊಮೆಡಾ ನಮ್ಮ ಆಕಾಶಗಂಗೆಯ ಹೊರಗೆ ಬಹಳ ಆಚೆ ಇತ್ತು. ನಮ್ಮ ಗೆಲಾಕ್ಸಿಯೇ ವಿಶ್ವ ಎಂದು ಎಷ್ಟೋ ಜನ ತಿಳಿದಿದ್ದ ಕಾಲದಲ್ಲಿ, ಒಂದು ತಿರುವು ದಾಟಿದಂತೆ, ಆಚೆ ಇನ್ನೊಂದು ಗೆಲಾಕ್ಸಿ ಇರುವುದು ಕಂಡಿತು. ಒಂದು ಚುಕ್ಕೆಯ ನಡುಕದಿಂದ. ಆ ಫಲಕದ ಚಿತ್ರವನ್ನು ನಾನು ನೋಡಿದ್ದೇನೆ. ಶಾಯಿಯ ಆ ಆಶ್ಚರ್ಯಸೂಚಕ ಚಿಹ್ನೆ ಇಷ್ಟು ವರ್ಷದ ಮೇಲೂ ಒಣಗಿಲ್ಲವೇನೋ ಎನಿಸುತ್ತದೆ.

ರೆಡ್ ಬಾಕ್ಸ್ ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಚಿಲಾವೋ ಹತ್ತಿರ ಜೆಫ್ರಿ ಪೈನ್ ಮರಗಳಿವೆ. ಬಿಸಿಲು ಕಾದ ತೊಗಟೆಗೆ ಮೂಗು ಒತ್ತಿದರೆ ಐಸ್‌ಕ್ರೀಮ್ ಅಂಗಡಿಯ ವೆನಿಲಾ ವಾಸನೆ. ನಮ್ಮ ಗುಂಪಿಗೆ ಹೊಸದಾಗಿ ಸೇರಿದವರನ್ನೆಲ್ಲ ನರ್ಸ್ ಗೆಳತಿ ಕೈಹಿಡಿದು ಕರೆದೊಯ್ದು ಮೂಸಿಸುತ್ತಾಳೆ.

ಇಲ್ಲಿಯೇ, ನಾನು ಸೇರಿದ ಮೊದಲ ವರ್ಷ, ಒಂದು ಘಟನೆ ನಡೆಯಿತು. ಅದಕ್ಕಾಗಿಯೇ ಇದನ್ನೆಲ್ಲ ಬರೆಯಲು ಕೂತಿದ್ದೇನೆ.

ಬಹಳ ಹಿಂದಿನ ಒಂದು ರಾತ್ರಿಯಿಂದ ಶುರುಮಾಡಬೇಕು. ತೀರ್ಥಹಳ್ಳಿ ಸೀಮೆಯ ಆಷಾಢದ ಮಳೆ. ಅಜ್ಜನಿಗೆ ಎದೆನೋವು. ಮಣಿಪಾಲಕ್ಕೆ ಕರೆದೊಯ್ಯಲು ಬಾಡಿಗೆಗೆ ಒಂದು ಅಂಬಾಸಿಡರ್ ಬಂತು. ಮನೆಯಲ್ಲಿ ಬಿಡುವವರಿಲ್ಲದೆ ನನ್ನನ್ನೂ ಕರೆದೊಯ್ದರು. ಘಾಟಿಯ ನಡುವೆ ಎಂಜಿನ್ ಕಾದು, ಡ್ರೈವರ್ ಒಂದು ತಿರುವಿನಲ್ಲಿ, ಬಂಡೆಯಿಂದ ನೀರು ಇಳಿಯುವ ಕಡೆ ಕಾರು ನಿಲ್ಲಿಸಿದರು. ಟಾರ್ಚ್ ನನ್ನ ಕೈಗೆ ಕೊಟ್ಟು ಹಿಡಿ ಎಂದರು. ಬಾನೆಟ್ ಎತ್ತಿದಾಗ ಹಬೆ ಎದ್ದಿತು. ಮಳೆಹನಿ ಬಿದ್ದಲ್ಲೆಲ್ಲ ಕಬ್ಬಿಣ ಚುಂಯ್ ಎನ್ನುತ್ತಿತ್ತು. ಹಸಿರು ಬಳಿದ ಎಂಜಿನ್, ಮೇಲೆ ಉದ್ದನೆಯ ತಗಡಿನ ಮುಚ್ಚಳ, ಅದರ ಒಂದು ಬದಿಗೆ ಎಣ್ಣೆ ಹಾಕುವ ಬಿರಡೆ. ಒಂದು ಮಗ್ಗುಲಿನಿಂದ ಹೊಗೆಯ ಮೂರು ಕೊಳವೆಗಳು ಹೊರಟು ಕೆಳಗೆ ಕೂಡಿಕೊಂಡಿದ್ದವು. ಅಜ್ಜ ಹಿಂದಿನ ಸೀಟಿನಿಂದ, ಎಲ್ಲಿಗೆ ಬಂದೆವು ಎಂದು ಕೇಳಿದರು. ಡ್ರೈವರ್ ‘ಅರ್ಧ ಆಯ್ತು ಅಯ್ಯಾ’ ಅಂದರು. ನೀರು ಕುಡಿದ ಎಂಜಿನ್ ಮತ್ತೆ ಎದ್ದಿತು. ಗಂಟಲಿನಲ್ಲೇ ಗುನುಗುವಂಥ ಒಂದು ಮಂದ್ರ ದನಿ. ಉಳಿದ ಏಳು ತಿರುವುಗಳಲ್ಲಿ ನಾನು ಆ ದನಿಗೆ ಕಿವಿಯಿಟ್ಟು, ಅದು ನಿಲ್ಲಬಾರದು, ನಿಲ್ಲಬಾರದು ಎಂದು ಬೇಡಿಕೊಂಡೆ. ಅದು ನಿಲ್ಲಲಿಲ್ಲ. ಅಜ್ಜ ಆಮೇಲೆ ಒಂಬತ್ತು ವರ್ಷ ಬದುಕಿದರು.

ಚಿಲಾವೋದಲ್ಲಿ ಆ ಬೆಳಿಗ್ಗೆ ಎಂಜಿಎ ನಿಂತುಹೋಗಿತ್ತು. ಪೆಟ್ರೋಲ್ ನಳಿಗೆ ಕಾದು, ಒಳಗಿನ ಇಂಧನ ಆವಿಯಾಗಿ ಹರಿವು ಕಟ್ಟಿಕೊಂಡಿತ್ತು. ಎತ್ತರದಲ್ಲಿ, ಬಿಸಿಯಲ್ಲಿ ಹಳೆಯ ಕಾರುಗಳಿಗೆ ಇದು ಮಾಮೂಲು. ತಣಿಯುವವರೆಗೆ ಕಾಯುವುದೇ ಮದ್ದು. ಮೇಷ್ಟರು ಬಾನೆಟ್ ಎತ್ತಿ, ಮರದ ನೆರಳಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು ಟಾರ್ಚ್ ನನ್ನ ಕೈಗೆ ಕೊಟ್ಟರು. ನಾನು ಬಗ್ಗಿ ಬೆಳಕು ಬಿಟ್ಟೆ. ಉದ್ದನೆಯ ತಗಡಿನ ಮುಚ್ಚಳ. ಒಂದು ಬದಿಗೆ ಎಣ್ಣೆಯ ಬಿರಡೆ. ಒಂದು ಮಗ್ಗುಲಿನಿಂದ ಹೊರಟು ಕೂಡಿಕೊಳ್ಳುವ ಮೂರು ಕೊಳವೆಗಳು. ಕೈ ನಡುಗಿತು. ಇದು ಎಷ್ಟು ಸಿಸಿ ಎಂದು ಕೇಳಿದೆ. 1489 ಎಂದರು ಅವರು. ತೀರ್ಥಹಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನ ಸುತ್ತ ಆಡಿ ಬೆಳೆದ ಹುಡುಗರಿಗೆ ಆ ಅಂಕಿ ಮಗ್ಗಿಯ ಹಾಗೆ ಬಾಯಿಪಾಠ.

ಆ ಸಂಜೆ ಮನೆಗೆ ಬಂದು ಪುಸ್ತಕ ತೆಗೆದೆ. ಆಕ್ಸ್‌ಫರ್ಡಿನ ಮಾರಿಸ್ ಗರಾಜಸ್ ಎಂಬ ಹೆಸರಿನ ಮೊದಲಕ್ಷರಗಳೇ ಎಂಜಿ. ಅಂಬಾಸಿಡರ್ ಕೂಡ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರು. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಅದಕ್ಕೆ ಹಾಕುತ್ತಿದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ಎಂಜಿನ್. 1955ರಲ್ಲಿ ಬಂದ ಎಂಜಿಎಗೆ ಅದೇ ಎಂಜಿನ್ನಿಗೆ ಎರಡು ಕಾರ್ಬುರೇಟರ್ ಜೋಡಿಸಿ ಓಟದ ಹುರುಪು ಕೊಟ್ಟಿದ್ದರು. ಅದನ್ನೇ 1798 ಸಿಸಿಗೆ ಹಿಗ್ಗಿಸಿದ್ದು ನನ್ನ ಎಂಜಿಬಿಯಲ್ಲಿದೆ. ಎರಡು ವರ್ಷದಿಂದ ನಾನು ಅದನ್ನು ಒರೆಸಿ, ಎಣ್ಣೆ ಹಾಕಿ, ಸದ್ದು ಆಲಿಸಿ ಓಡಿಸುತ್ತಿದ್ದೆ. ಅದು ಯಾರ ದನಿಯೆಂದು ತಿಳಿದಿರಲಿಲ್ಲ. ಈ ಕಾರನ್ನೇ ಯಾಕೆ ಕೊಂಡೆ ಎಂದು ಗೆಳೆಯರು ಕೇಳಿದಾಗಲೆಲ್ಲ ನಾನು ಆಕಾರ, ಬಣ್ಣ, ಬೆಲೆ ಎಂದೆಲ್ಲ ಹೇಳುತ್ತಿದ್ದೆ. ಕಿವಿ ಆರಿಸಿತ್ತು, ಉಳಿದ ನಾನು ಹಿಂಬಾಲಿಸಿದ್ದೆ. ಒಂದೇ ಎಂಜಿನ್ ಅಲ್ಲಿ ಒಬ್ಬ ಮುದುಕನನ್ನು ಮಳೆಯಲ್ಲಿ ಆಸ್ಪತ್ರೆಗೆ ಮುಟ್ಟಿಸಿತು, ಇಲ್ಲಿ ಕೆಲವರನ್ನು ಭಾನುವಾರ ಬೆಳಿಗ್ಗೆ ಖುಷಿಗೆಂದು ಬೆಟ್ಟ ಹತ್ತಿಸುತ್ತದೆ. ಎರಡೂ ಕಡೆ ಅದು ಮಾಡುತ್ತಿರುವುದು ಒಂದೇ ಕೆಲಸ, ನಾಲ್ಕು ಸಿಲಿಂಡರುಗಳಲ್ಲಿ ಸರದಿಯಂತೆ ಕಿಡಿ ಹಚ್ಚುವುದು.

ಚಿಲಾವೋ ದಾಟಿ ಮುಂದೆ ಹೋದರೆ, ಇಸ್ಲಿಪ್ ಸ್ಯಾಡಲ್ ಎಂಬ ಜಾಗಕ್ಕೆ ಮುಂಚೆ ಎರಡು ಪುಟ್ಟ ಸುರಂಗಗಳಿವೆ. ಅವುಗಳೊಳಗೆ ಆರೂ ಎಂಜಿನ್‌ಗಳ ದನಿ ಕಲ್ಲಿಗೆ ಬಡಿದು ಹಿಂದಿರುಗುತ್ತದೆ. ಡಾಟ್ಸನ್ನಿನ ಆರು ಸಿಲಿಂಡರಿನ ನುಣುಪು, ಪೋರ್ಷೆಯ ಒಣ ಗರಗರ, ಆಲ್ಫಾದ ಹಾಡು. ಎಲ್ಲರೂ ಒಂದು ಗೇರ್ ಇಳಿಸುತ್ತಾರೆ. ಮೇಷ್ಟರೂ ಇಳಿಸುತ್ತಾರೆ. ಆಚೆ ಬಂದಾಗ ಒಮ್ಮೊಮ್ಮೆ ಕಡಿದಾದ ಬಂಡೆಯ ಮೇಲೆ ಕಾಡುಕುರಿ ನಿಂತಿರುತ್ತದೆ, ಡೊಂಕು ಕೊಂಬಿನದು. ನಮ್ಮನ್ನು ನೋಡಿ ಅದು ಓಡುವುದಿಲ್ಲ.

ಡಾಸನ್ ಸ್ಯಾಡಲ್ ಈ ದಾರಿಯ ನೆತ್ತಿ. 2408 ಮೀಟರ್. ಅಲ್ಲಿ ಗಾಳಿ ತೆಳು. ತಪ್ಪಲಿನಲ್ಲಿದ್ದ ಎಂಜಿನ್ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಲ್ಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ನನಗೂ ಏದುಸಿರು, ಕಾರಿಗೂ ಏದುಸಿರು. ಕಳೆದ ಅಕ್ಟೋಬರಿನಲ್ಲಿ ನಾವು ಐವರು ಮೊದಲು ತಲುಪಿ, ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಎಂಜಿನ್ ಆರಿಸಿದೆವು. ಬಿಸಿ ಲೋಹ ತಣಿಯುವಾಗ ಟಿಣ್ ಟಿಣ್ ಎನ್ನುತ್ತದೆ. ಐದೂ ಕಾರುಗಳು ಒಂದರ ಹಿಂದೊಂದು ಟಿಣ್ ಎನ್ನುತ್ತಿದ್ದವು, ಮಳೆ ನಿಂತ ಮೇಲೆ ಹಂಚಿನಿಂದ ಹನಿ ಬೀಳುವಂತೆ. ಉತ್ತರಕ್ಕೆ ಕೆಳಗೆ ಮೊಹಾವೆ ಮರುಭೂಮಿ ಹರಡಿಕೊಂಡಿತ್ತು. ಬೆಟ್ಟಕ್ಕೂ ಮರುಭೂಮಿಗೂ ನಡುವೆ ಹಾದುಹೋಗುವುದು ಸ್ಯಾನ್ ಆಂಡ್ರಿಯಾಸ್ ಬಿರುಕು. ಭೂಮಿಯ ಎರಡು ಮಹಾ ಫಲಕಗಳು ಅಲ್ಲಿ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಲೆಕ್ಕದಲ್ಲಿ ಒಂದರ ಪಕ್ಕ ಒಂದು ಉಜ್ಜಿಕೊಂಡು ಸರಿಯುತ್ತಿವೆ. ಬಿರುಕು ನೇರವಾಗಿದ್ದಿದ್ದರೆ ಸುಮ್ಮನೆ ಜಾರಿಹೋಗುತ್ತಿದ್ದವು. ಈ ಭಾಗದಲ್ಲಿ ಬಿರುಕು ಬಾಗಿದೆ. ಬಾಗಿದಲ್ಲಿ ಫಲಕಗಳು ಒಂದನ್ನೊಂದು ಅದುಮುತ್ತವೆ, ಅದುಮಿದ ನೆಲ ಮೇಲೇಳುತ್ತದೆ. ಹಾಗೆ ಎದ್ದವೇ ಈ ಬೆಟ್ಟಗಳು. ಇನ್ನೂ ಏಳುತ್ತಲೇ ಇವೆ. ಒಂದು ತಿರುವಿನಿಂದ ಬೆಟ್ಟ ಹುಟ್ಟಿತು, ಬೆಟ್ಟದಿಂದ ಇಷ್ಟು ತಿರುವುಗಳು. ಇದು ತಿಳಿದ ದಿನ ನಾನು ಬಗ್ಗಿ ಡಾಂಬರಿನ ಮೇಲೆ ಅಂಗೈಯಿಟ್ಟಿದ್ದೆ. ಈ ಸಲವೂ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

ಮೇಷ್ಟರು ಇನ್ನೂ ಬಂದಿರಲಿಲ್ಲ. ಅವರಿಗೆ ಈಗ ಎಂಬತ್ತು ದಾಟಿದೆ. ಎಲ್ಲರನ್ನೂ ಮುಂದೆ ಕಳಿಸಿ ತಾವು ಕೊನೆಗೆ ಬರುತ್ತಾರೆ. ಹತ್ತು ನಿಮಿಷವಾಯಿತು. ಯಾರೂ ಮಾತಾಡುತ್ತಿರಲಿಲ್ಲ. ನರ್ಸ್ ಗೆಳತಿ ಗಡಿಯಾರ ನೋಡಿದಳು, ಆಮೇಲೆ ಡಾಟ್ಸನ್ನಿನ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಪೈನ್ ಮರಗಳಲ್ಲಿ ಗಾಳಿ ಬೀಸಿ ನಿಂತಿತು. ನಾನು ರಸ್ತೆ ಮುಗಿದುಹೋಗುವ ಕಡೆಗೆ ಮುಖಮಾಡಿ ನಿಂತೆ. ಅಲ್ಲಿ ಒಂದು ಬಂಡೆ, ಅದರಾಚೆ ಆಕಾಶ.

ಮೊದಲು ಇಲ್ಲವೇನೋ ಎನ್ನುವಷ್ಟು ಸಣ್ಣಗೆ ಕೇಳಿಸಿತು. ಕಣಿವೆಯ ಮಡಿಲೊಳಗೆ ಹೊಕ್ಕಾಗ ಅಳಿಸಿಹೋಯಿತು. ಇನ್ನೊಂದು ತಿರುವಿಗೆ ಮತ್ತೆ ಬಂತು, ಗಂಟಲಿನಲ್ಲೇ ಗುನುಗುವಂಥ ಆ ಮಂದ್ರ ದನಿ. ನಡುವೆ ಒಂದು ಸಲ ನಿಂತು, ಹೂಂಕರಿಸಿ, ಗೇರ್ ಇಳಿಯಿತು. ‘ಇನ್ನು ಎರಡು ತಿರುವು’ ಎಂದಳು ಗೆಳತಿ.